ಕಾಲಿನ ಮೇಲೆ ಮುಟ್ಟಿದರೆ ನೋಯುವ ಗಂಟುಗಳು: ಎರಿಥೀಮಾ ನೋಡೋಸಮ್ ಬಂದರೆ ಏನು ಮಾಡಬೇಕು?

"ಮೊಣಕಾಲಿನ ಕೆಳಗೆ ಕೆಂಪಗೆ ಗಂಟು ಎದ್ದಿದೆ. ಮುಟ್ಟೋಕೇ ಆಗಲ್ಲ. ಎಲ್ಲೂ ಪೆಟ್ಟು ಬಿದ್ದ ನೆನಪಿಲ್ಲ. ಎರಡೇ ದಿನಕ್ಕೆ ಇನ್ನೊಂದು ಕಾಲಲ್ಲೂ ಬಂತು. ಏನಿದು?"

ಓದುಗರು ಈ ಪ್ರಶ್ನೆಯನ್ನು ನನಗೆ ಮತ್ತೆ ಮತ್ತೆ ಕೇಳುತ್ತಾರೆ. ಕೆಲವರು ಫೋಟೋ ಕಳಿಸುತ್ತಾರೆ, ಕೆಲವರು ಪರೀಕ್ಷೆಯ ವರದಿ ಕಳಿಸಿ "ಇಎಸ್‌ಆರ್ ಜಾಸ್ತಿ ಇದೆಯಂತೆ, ಗಾಬರಿ ಆಗ್ತಿದೆ" ಅನ್ನುತ್ತಾರೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ, ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಫೋಟೋ ನೋಡಿ ರೋಗ ಹೇಳಲು ನನ್ನಿಂದ ಆಗದು, ಈ ಲೇಖನದಿಂದಲೂ ಆಗದು. ಆದರೆ ವೈದ್ಯರ ಎದುರು ಕೂರುವ ಹೊತ್ತಿಗೆ ನಿಮ್ಮ ಕೈಯಲ್ಲಿ ಏನಿರಬೇಕು, ಅದಕ್ಕೂ ಮೊದಲು ಏನು ಮಾಡಬಾರದು ಅನ್ನುವುದನ್ನು ಖಂಡಿತ ಹೇಳಬಹುದು.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಗಂಟುಗಳು ಬಹುತೇಕ ಎಲ್ಲರಲ್ಲೂ ತಾವಾಗಿಯೇ ಇಳಿದುಹೋಗುತ್ತವೆ. ಅವು ಏಕೆ ಎದ್ದವು ಅನ್ನುವುದನ್ನು ಮಾತ್ರ ಹುಡುಕಲೇಬೇಕು. ಆ ಹುಡುಕಾಟದ ಅರ್ಧದಷ್ಟು ಕೆಲಸ ನಡೆಯುವುದು ನಿಮ್ಮ ನೆನಪಿನಲ್ಲಿ.

ಒಳಗೆ ನಡೆಯುತ್ತಿರುವುದೇನು?

ಎರಿಥೀಮಾ ಅಂದರೆ ಗ್ರೀಕ್ ಭಾಷೆಯಲ್ಲಿ ಕೆಂಪಾಗುವುದು, ನೋಡೋಸಮ್ ಅಂದರೆ ಲ್ಯಾಟಿನ್‌ನಲ್ಲಿ ಗಂಟುಗಂಟಾದದ್ದು. ಸುಮಾರು ಇನ್ನೂರು ವರ್ಷಗಳ ಹಿಂದೆ ಚರ್ಮರೋಗಗಳನ್ನು ವರ್ಗೀಕರಿಸಿದ ಇಂಗ್ಲಿಷ್ ವೈದ್ಯ ರಾಬರ್ಟ್ ವಿಲ್ಲನ್ ಕಾಲದಿಂದ ಈ ಹೆಸರು ಬಳಕೆಯಲ್ಲಿದೆ. ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುವ ಹೆಸರು ಇದು, ಕಾರಣವನ್ನು ಹೇಳುವುದಿಲ್ಲ.

ತೊಂದರೆ ಇರುವುದು ಚರ್ಮದ ಮೇಲ್ಪದರದಲ್ಲಲ್ಲ, ಅದರ ಅಡಿಯ ಕೊಬ್ಬಿನ ಪದರದಲ್ಲಿ. ಕಿತ್ತಳೆ ಹಣ್ಣಿನ ತೊಳೆಗಳ ನಡುವೆ ತೆಳುವಾದ ಬಿಳಿ ಪೊರೆ ಇರುತ್ತದಲ್ಲ, ಹಾಗೆಯೇ ನಮ್ಮ ಕೊಬ್ಬಿನ ಪದರದಲ್ಲೂ ಸಣ್ಣ ಸಣ್ಣ ಗುಂಪುಗಳ ನಡುವೆ ನಾರಿನ ಗೋಡೆಗಳಿರುತ್ತವೆ. ಈ ಗೋಡೆಗಳಲ್ಲಿ ಉರಿಯೂತ ಉಂಟಾಗುತ್ತದೆ. ಉರಿಯೂತ ಅಂದರೆ ದೇಹದ ರಕ್ಷಣಾ ಕಣಗಳು ಒಂದೆಡೆ ನುಗ್ಗಿ ಅಲ್ಲಿ ಊತ, ಬಿಸಿ, ಕೆಂಪು, ನೋವು ಕಾಣಿಸಿಕೊಳ್ಳುವುದು. ಕೊಬ್ಬಿನ ಪದರದ ಉರಿಯೂತಕ್ಕೆ ಪ್ಯಾನಿಕ್ಯುಲೈಟಿಸ್ ಎಂಬ ಹೆಸರಿದೆ. ಅದರ ಬಗೆಗಳಲ್ಲಿ ಅತಿ ಹೆಚ್ಚಾಗಿ ಕಾಣುವುದೇ ಎರಿಥೀಮಾ ನೋಡೋಸಮ್.

ಇದನ್ನು ದೇಹದ ಪ್ರತಿಕ್ರಿಯೆ ಎಂದು ತಿಳಿಯಿರಿ. ಗಂಟಲಲ್ಲೋ ಶ್ವಾಸಕೋಶದಲ್ಲೋ ಕರುಳಲ್ಲೋ ಏನೋ ನಡೆದಿರುತ್ತದೆ, ಅಥವಾ ಒಂದು ಔಷಧ ದೇಹಕ್ಕೆ ಒಗ್ಗಿರುವುದಿಲ್ಲ. ಅದಕ್ಕೆ ರೋಗನಿರೋಧಕ ವ್ಯವಸ್ಥೆ ಕೊಟ್ಟ ಉತ್ತರ ಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಗಂಟಿನೊಳಗೆ ಸಾಮಾನ್ಯವಾಗಿ ಕೀವೂ ಇರುವುದಿಲ್ಲ, ರೋಗಾಣುವೂ ಇರುವುದಿಲ್ಲ. ಇದು ಮುಟ್ಟಿದರೆ ಅಂಟುವ ಕಾಯಿಲೆಯೂ ಅಲ್ಲ.

ದೊಡ್ಡವರಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು, ಅದರಲ್ಲೂ 20ರಿಂದ 40ರ ವಯಸ್ಸಿನಲ್ಲಿ. ಮಕ್ಕಳಲ್ಲಿ ಹುಡುಗ ಹುಡುಗಿ ಎಂಬ ವ್ಯತ್ಯಾಸ ಅಷ್ಟಾಗಿ ಇಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಒಂದು ನೋಟ್‌ಬುಕ್, ಬಾಲ್ ಪೆನ್, ಸಣ್ಣ ಸ್ಕೇಲ್, ಥರ್ಮಾಮೀಟರ್, ಫೋನಿನ ಕ್ಯಾಮೆರಾ. ಜೊತೆಗೆ ಕಳೆದ ಎರಡು ತಿಂಗಳಲ್ಲಿ ತೆಗೆದುಕೊಂಡ ಎಲ್ಲ ಔಷಧಗಳ ಚೀಟಿ ಅಥವಾ ಖಾಲಿ ಸ್ಟ್ರಿಪ್. ಸ್ಟ್ರಿಪ್‌ಗಳನ್ನು ಬಿಸಾಡಿದ್ದರೆ ಹೆಸರು ನೆನಪಿದ್ದಷ್ಟು ಬರೆಯಿರಿ.

ಹಂತ 1: ಗಂಟನ್ನು ಹಗಲು ಬೆಳಕಿನಲ್ಲಿ ನೋಡಿ

ಕಿಟಕಿಯ ಪಕ್ಕ ಕುಳಿತು ಎರಡೂ ಕಾಲುಗಳನ್ನು ಚಾಚಿ. ಎರಿಥೀಮಾ ನೋಡೋಸಮ್ ಸಾಮಾನ್ಯವಾಗಿ ಏಳುವುದು ಮೊಣಕಾಲಿನಿಂದ ಪಾದದ ಕೀಲಿನವರೆಗಿನ ಮುಂಭಾಗದಲ್ಲಿ, ಕೈಯಾಡಿಸಿದರೆ ಮೂಳೆ ಸಿಗುವ ಜಾಗದಲ್ಲಿ. ಸಾಮಾನ್ಯವಾಗಿ ಎರಡೂ ಕಾಲಲ್ಲಿ. ತೊಡೆಯಲ್ಲಿ, ಮುಂಗೈಯಲ್ಲಿ ಬರುವುದೂ ಉಂಟು. ಮುಖದಲ್ಲಿ, ಬೆನ್ನಲ್ಲಿ ಬರುವುದು ಅಪರೂಪ.

ಒಂದೊಂದು ಗಂಟು ಸುಮಾರು 1ರಿಂದ 5 ಸೆಂಟಿಮೀಟರ್ ಅಗಲ ಇರುತ್ತದೆ. ಅಂಚು ಸ್ಪಷ್ಟವಾಗಿರುವುದಿಲ್ಲ. ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದು ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಇಲ್ಲೊಂದು ವಿಷಯವನ್ನು ಒತ್ತಿ ಹೇಳಬೇಕು. ಪುಸ್ತಕಗಳ ಚಿತ್ರಗಳಲ್ಲಿ ಈ ಗಂಟುಗಳು ಚೆರ್ರಿ ಬಣ್ಣದಲ್ಲಿ ಹೊಳೆಯುತ್ತಿರುತ್ತವೆ, ಏಕೆಂದರೆ ಆ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವರದ್ದು. ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದಲ್ಲಿ ಅಷ್ಟು ಕೆಂಪು ಕಾಣುವುದಿಲ್ಲ. ಕಂದು, ನೇರಳೆ, ಕೆಲವೊಮ್ಮೆ ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಕಪ್ಪು, ಅಷ್ಟೇ. "ಕೆಂಪಾಗಿಲ್ಲವಲ್ಲ, ಅದಾಗಿರಲಿಕ್ಕಿಲ್ಲ" ಎಂದು ತಳ್ಳಿಹಾಕಬೇಡಿ. ಬಣ್ಣ ನಂಬಲಾಗದ ಕಡೆ ಕೈಯನ್ನು ನಂಬಿ. ಅಂಗೈಯ ಹಿಂಭಾಗವನ್ನು ಗಂಟಿನ ಮೇಲೆ ಹಗುರವಾಗಿ ಇಡಿ, ಆಮೇಲೆ ಪಕ್ಕದ ಚರ್ಮದ ಮೇಲೆ ಇಡಿ. ಬಿಸಿಯ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ನಂತರ ಒಂದು ಬೆರಳಿನಿಂದ ಮೆಲ್ಲಗೆ ಒತ್ತಿ. ಚರ್ಮದ ಕೆಳಗೆ ಗಟ್ಟಿಯಾದ ಉಬ್ಬು ಸಿಗುತ್ತದೆ, ನೋವಿಗೆ ನೀವು ಕಾಲು ಹಿಂದಕ್ಕೆಳೆದುಕೊಳ್ಳುತ್ತೀರಿ. ಹೊದಿಕೆ ತಾಗಿದರೂ ನೋಯುತ್ತದೆ ಎಂದು ಅನೇಕರು ಹೇಳುವುದು ಉತ್ಪ್ರೇಕ್ಷೆಯಲ್ಲ.

ಈಗ ಪೆನ್ನಿನಿಂದ ಗಂಟಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಎರಡು ದಿನಕ್ಕೊಮ್ಮೆ ಅದೇ ಜಾಗ, ಅದೇ ಬೆಳಕಿನಲ್ಲಿ ತೆಗೆಯುತ್ತಾ ಹೋಗಿ. ಹೊಸ ಗಂಟು ಕೆಂಪಾಗಿದ್ದು, ಕೆಲವು ದಿನಗಳಲ್ಲಿ ನೇರಳೆಯಾಗಿ, ಕೊನೆಗೆ ಹಳದಿ ಹಸಿರಿಗೆ ತಿರುಗುವುದು ಈ ಕಾಯಿಲೆಯ ದೊಡ್ಡ ಗುರುತು. ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದ ಜಾಗ ಮಾಸುವುದು ಹೀಗೆಯೇ. ಅದಕ್ಕೇ ಎಷ್ಟೋ ಜನ ಮೊದಲ ವಾರವಿಡೀ "ಮಂಚದ ಕಾಲಿಗೆ ತಗುಲಿರಬೇಕು" ಎಂದು ಸುಮ್ಮನಿದ್ದುಬಿಡುತ್ತಾರೆ. ನೀವು ವೈದ್ಯರನ್ನು ಕಾಣುವ ದಿನ ಗಂಟು ಇಳಿದಿರಬಹುದು. ಆಗ ಈ ಫೋಟೋಗಳ ಸಾಲೇ ನಿಮ್ಮ ಪರವಾಗಿ ಮಾತಾಡುತ್ತದೆ.

ಹಂತ 2: ಕಾಯಬಾರದ ಸ್ಥಿತಿಯೇ ಎಂದು ಪರೀಕ್ಷಿಸಿ

ಇದೊಂದು ಹಂತದಲ್ಲಿ ತಡ ಮಾಡಬಾರದು. ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ಉಳಿದ ಲೇಖನವನ್ನು ಆಮೇಲೆ ಓದಿ, ಮೊದಲು ವೈದ್ಯರ ಬಳಿ ಹೋಗಿ.

ಒಂದೇ ಕಾಲಿನಲ್ಲಿ ಕೆಂಪು ಹರಡುತ್ತಾ ಹೋಗಿ, ನೀವು ಎಳೆದ ಪೆನ್ನಿನ ಗೆರೆಯನ್ನು ಗಂಟೆಗಳಲ್ಲೇ ದಾಟಿದ್ದು, ಜ್ವರ ಚಳಿ ಇದ್ದರೆ ಅದು ಸೆಲ್ಯುಲೈಟಿಸ್ ಇರಬಹುದು. ಅಂದರೆ ಚರ್ಮದಡಿಯ ಬ್ಯಾಕ್ಟೀರಿಯಾ ಸೋಂಕು. ಅದಕ್ಕೆ ಆಂಟಿಬಯಾಟಿಕ್ ಬೇಗ ಬೇಕು.

ಒಂದು ಕಾಲಿನ ಮೀನಖಂಡ ಪೂರ್ತಿ ಊದಿ ಬಿಗಿದುಕೊಂಡು ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಅದರ ಜೊತೆಗೆ ಉಸಿರಾಟಕ್ಕೆ ಕಷ್ಟ, ಎದೆನೋವು ಬಂದರೆ ಅದು ತುರ್ತು ಪರಿಸ್ಥಿತಿ. ಅಂಥ ಕಾಲನ್ನು ತಿಕ್ಕಲೇಬಾರದು.

ಗಂಟು ಒಡೆದು ಹುಣ್ಣಾದರೆ, ಅದರಿಂದ ದ್ರವ ಸೋರಿದರೆ ಅದು ಎರಿಥೀಮಾ ನೋಡೋಸಮ್ ಆಗಿರುವ ಸಂಭವ ಕಡಿಮೆ. ಎರಿಥೀಮಾ ನೋಡೋಸಮ್ ಹುಣ್ಣಾಗುವುದಿಲ್ಲ, ವಾಸಿಯಾದ ಮೇಲೆ ಕಲೆಗಟ್ಟಿದ ಗಾಯದ ಗುರುತನ್ನೂ ಬಿಡುವುದಿಲ್ಲ. ಕಾಲಿನ ಹಿಂಭಾಗದಲ್ಲಿ, ಮೀನಖಂಡದ ಮೇಲೆ ಗಂಟು ಎದ್ದು ಹುಣ್ಣಾಗುವ ಇನ್ನೊಂದು ಕಾಯಿಲೆ ಇದೆ, ಅದರ ಹೆಸರು ಎರಿಥೀಮಾ ಇಂಡ್ಯುರೇಟಮ್. ಅದಕ್ಕೆ ಕ್ಷಯದೊಂದಿಗೆ ನಂಟಿದೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಅಂತರ್ಜಾಲದಲ್ಲಿ ಹುಡುಕುವಾಗ ಇವೆರಡನ್ನು ಕಲಸಿಕೊಳ್ಳುವವರು ಬಹಳ.

ಕಲಸಿಹೋಗುವ ಮತ್ತೊಂದು ಹೆಸರು ಎರಿಥೀಮಾ ನೋಡೋಸಮ್ ಲೆಪ್ರೋಸಮ್. ಇದು ಕುಷ್ಠರೋಗ ಇರುವವರಲ್ಲಿ, ಎಷ್ಟೋ ಸಲ ಚಿಕಿತ್ಸೆ ನಡೆಯುತ್ತಿರುವಾಗಲೇ ಕಾಣಿಸಿಕೊಳ್ಳುವ ತೀವ್ರ ಪ್ರತಿಕ್ರಿಯೆ. ಮುಖ, ತೋಳು, ಮೈಮೇಲೆಲ್ಲ ನೋಯುವ ಗಂಟುಗಳು ಏಳುತ್ತವೆ, ಜ್ವರ ಬರುತ್ತದೆ, ನರಗಳು ನೋಯುತ್ತವೆ, ಕಣ್ಣಿಗೂ ತೊಂದರೆಯಾಗಬಹುದು. ಇದರ ಕಾರಣವೂ ಚಿಕಿತ್ಸೆಯೂ ಪೂರ್ತಿ ಬೇರೆ. ಕೈಕಾಲಿನಲ್ಲಿ ಸ್ಪರ್ಶ ತಿಳಿಯದ ಮಚ್ಚೆ ಅಥವಾ ಜೋಮು ಇದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. ಕುಷ್ಠ ಇಂದು ಔಷಧದಿಂದ ಪೂರ್ತಿ ಗುಣವಾಗುವ ಕಾಯಿಲೆ. ನಾಚಿಕೆಯಿಂದ ಕಳೆದ ದಿನಗಳು ಮಾತ್ರ ನರಗಳಿಗೆ ದುಬಾರಿಯಾಗುತ್ತವೆ.

ಹಂತ 3: ಹಿಂದಿನ ಎರಡು ತಿಂಗಳನ್ನು ಬರೆದಿಡಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತವನ್ನು ಮಾಡಲು ನಿಮಗೆ ವ್ಯವಧಾನ ಇದೆಯೆಂದರೆ ಇದನ್ನೇ ಮಾಡಿ.

ನನಗೂ ಒಮ್ಮೆ ಇದು ಬಂದಿತ್ತು. "ಇತ್ತೀಚೆಗೆ ಗಂಟಲು ನೋವು ಬಂದಿತ್ತಾ?" ಎಂದು ವೈದ್ಯರು ಕೇಳಿದಾಗ ಥಟ್ಟನೆ ಇಲ್ಲ ಅಂದೆ. ಮನೆಗೆ ಬಂದು ಮಲಗಿದ ಮೇಲೆ ನೆನಪಾಯಿತು: ಮೂರು ವಾರದ ಹಿಂದೆ ನಾಲ್ಕು ದಿನ ನೀರು ನುಂಗಲೂ ಆಗಿರಲಿಲ್ಲ. ವಾಸಿಯಾದ ಕಾಯಿಲೆಯನ್ನು ಮನಸ್ಸು ಅಷ್ಟು ಬೇಗ ಮರೆತುಬಿಡುತ್ತದೆ. ಆದ್ದರಿಂದ ವೈದ್ಯರ ಎದುರು ನೆನಪಿಸಿಕೊಳ್ಳುತ್ತೇನೆ ಎಂದುಕೊಳ್ಳಬೇಡಿ. ಕ್ಯಾಲೆಂಡರ್ ಮುಂದಿಟ್ಟುಕೊಂಡು ವಾರ ವಾರವಾಗಿ ಹಿಂದಕ್ಕೆ ಹೋಗಿ. ಮನೆಯವರನ್ನೂ ಕೇಳಿ, ನೀವು ಮರೆತದ್ದು ಅವರಿಗೆ ನೆನಪಿರುತ್ತದೆ.

ಏನನ್ನು ಹುಡುಕಬೇಕು ಅನ್ನುವುದನ್ನು ಕಾರಣಗಳ ಜೊತೆಗೇ ಹೇಳುತ್ತೇನೆ.

ಗಂಟಲು. ಗೊತ್ತಾಗಿರುವ ಕಾರಣಗಳಲ್ಲಿ ಬಹಳ ಸಾಮಾನ್ಯವಾದದ್ದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ಸೋಂಕು, ಮಕ್ಕಳಲ್ಲಂತೂ ವಿಶೇಷವಾಗಿ. ಗಂಟಲು ನೋವು ಬಂದು ಎರಡು ಮೂರು ವಾರಗಳ ನಂತರ ಗಂಟು ಏಳುತ್ತದೆ. ಅಷ್ಟರಲ್ಲಿ ಗಂಟಲು ಪೂರ್ತಿ ಸರಿಯಾಗಿರುತ್ತದೆ, ಹಾಗಾಗಿಯೇ ಎರಡಕ್ಕೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಕೆಮ್ಮು ಮತ್ತು ತೂಕ. ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತಿನ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ಇಳಿದ ತೂಕ, ಮನೆಯಲ್ಲಿ ಅಥವಾ ಕೆಲಸದ ಜಾಗದಲ್ಲಿ ಕ್ಷಯ ಇದ್ದವರ ಒಡನಾಟ, ಇವುಗಳಲ್ಲಿ ಒಂದಿದ್ದರೂ ಬರೆಯಿರಿ. ಕ್ಷಯ ಹೆಚ್ಚಿರುವ ಕಡೆಗಳಲ್ಲಿ ಕಾಲಿನ ಗಂಟು ಆ ಸೋಂಕಿನ ಮೊದಲ ಸುಳಿವೂ ಆಗಬಹುದು, ಕೆಮ್ಮು ಶುರುವಾಗುವುದಕ್ಕೂ ಮೊದಲೇ.

ಪಾದದ ಕೀಲು. ಗಂಟಿನ ಜೊತೆ ಎರಡೂ ಪಾದದ ಕೀಲು ಊದಿ ನೋಯುತ್ತಿದ್ದರೆ ತಪ್ಪದೆ ಹೇಳಿ. ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆಯಲ್ಲಿ ದೇಹದ ಬೇರೆ ಬೇರೆ ಅಂಗಗಳಲ್ಲಿ, ಅದರಲ್ಲೂ ಶ್ವಾಸಕೋಶದಲ್ಲಿ, ಉರಿಯೂತದ ಕಣಗಳು ಸಣ್ಣ ಸಣ್ಣ ಗುಂಪಾಗಿ ಕೂಡಿಕೊಳ್ಳುತ್ತವೆ. ಕಾಲಿನ ಗಂಟು, ಕೀಲುನೋವು, ಎದೆಯ ಎಕ್ಸ್‌ರೇಯಲ್ಲಿ ಎರಡೂ ಬದಿ ಊದಿದ ದುಗ್ಧರಸ ಗ್ರಂಥಿಗಳು, ಈ ಮೂರೂ ಒಟ್ಟಿಗೆ ಬಂದರೆ ಅದನ್ನು ಸ್ವೀಡನ್ನಿನ ವೈದ್ಯ ಸ್ವೆನ್ ಲೋಫ್‌ಗ್ರೆನ್ ಹೆಸರಿನಿಂದ ಲೋಫ್‌ಗ್ರೆನ್ ಸಿಂಡ್ರೋಮ್ ಎಂದು ಕರೆಯುತ್ತಾರೆ. ಕೇಳಲು ಭಯವಾದರೂ ಸಾರ್ಕಾಯ್ಡೋಸಿಸ್‌ನ ರೂಪಗಳಲ್ಲಿ ಇದು ಒಳ್ಳೆಯದು, ಬಹುಪಾಲು ಜನರಲ್ಲಿ ತಾನಾಗಿ ಶಮನವಾಗುತ್ತದೆ.

ಹೊಟ್ಟೆ. ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಹೊಟ್ಟೆ ಹಿಂಡಿದಂತೆ ನೋವು ಇದ್ದರೆ ಕ್ರೋನ್ಸ್ ಕಾಯಿಲೆ ಅಥವಾ ಅಲ್ಸರೇಟಿವ್ ಕೊಲೈಟಿಸ್ ಇರಬಹುದು. ಎರಡೂ ಕರುಳಿನ ದೀರ್ಘಕಾಲದ ಉರಿಯೂತ. ಆ ಕಾಯಿಲೆ ಕೆರಳಿದಾಗಲೇ ಗಂಟುಗಳೂ ಏಳುವುದು ಹೆಚ್ಚು. ಯೆರ್ಸಿನಿಯಾ, ಸಾಲ್ಮೊನೆಲ್ಲಾದಂಥ ರೋಗಾಣುಗಳ ಭೇದಿಯ ನಂತರವೂ ಬರುವುದುಂಟು. ಮಲದ ಬಗ್ಗೆ ಮಾತಾಡಲು ಮುಜುಗರ ಎಂದು ಇದನ್ನು ಬಿಟ್ಟುಬಿಡುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ.

ಔಷಧ. ಗರ್ಭನಿರೋಧಕ ಮಾತ್ರೆ, ಸಲ್ಫಾ ಗುಂಪಿನ ಔಷಧ, ಪೆನ್ಸಿಲಿನ್ ಗುಂಪಿನ ಆಂಟಿಬಯಾಟಿಕ್, ಇವು ಕಾರಣವಾಗಬಲ್ಲವು. ಔಷಧದ ಹೆಸರಿನ ಎದುರು ಶುರು ಮಾಡಿದ ದಿನಾಂಕ ಬರೆಯಿರಿ. ಇಲ್ಲಿ ಸಿಕ್ಕಿಹಾಕಿಕೊಳ್ಳುವ ಒಂದು ಜಾಗ ಇದೆ: ಗಂಟಲು ನೋವಿಗೆ ಆಂಟಿಬಯಾಟಿಕ್ ತೆಗೆದುಕೊಂಡಿದ್ದೀರಿ, ಆಮೇಲೆ ಗಂಟು ಬಂತು. ಕಾರಣ ಗಂಟಲಿನ ಸೋಂಕೋ ಔಷಧವೋ? ಇದನ್ನು ಬಿಡಿಸುವುದು ದಿನಾಂಕಗಳೇ. ಸಂಶಯ ಬಂತೆಂದು ಯಾವ ಔಷಧವನ್ನೂ ನೀವಾಗಿಯೇ ನಿಲ್ಲಿಸಬೇಡಿ, ಮೊದಲು ಬರೆದುಕೊಟ್ಟವರನ್ನು ಕೇಳಿ.

ಗರ್ಭ. ಗರ್ಭಿಣಿಯರಲ್ಲೂ ಇದು ಬರಬಹುದು. ಮುಟ್ಟು ತಪ್ಪಿದ್ದರೆ ಹೇಳಿ. ಎಕ್ಸ್‌ರೇ ತೆಗೆಯುವ, ಮಾತ್ರೆ ಆರಿಸುವ ಎರಡೂ ಕಡೆ ಈ ಮಾತು ಬೇಕಾಗುತ್ತದೆ.

ಬಾಯಿಯಲ್ಲಿ ಮತ್ತೆ ಮತ್ತೆ ಹುಣ್ಣು, ಗುಪ್ತಾಂಗದಲ್ಲಿ ಹುಣ್ಣು, ಕಣ್ಣು ಕೆಂಪಾಗಿ ನೋಯುವುದು ಇದ್ದರೆ ಬೆಹ್ಚೆಟ್ ಎಂಬ ಕಾಯಿಲೆಯ ಕಡೆ ವೈದ್ಯರು ಯೋಚಿಸಬೇಕಾಗುತ್ತದೆ. ಲಿಂಫೋಮಾದಂಥ ಕ್ಯಾನ್ಸರ್ ಕಾರಣವಾಗುವುದು ಬಹಳ ಅಪರೂಪ. ಹುಡುಕಾಟದ ಪಟ್ಟಿಯಲ್ಲಿ ಆ ಪದ ಕಂಡ ಕೂಡಲೇ ನಿದ್ದೆ ಕೆಡಿಸಿಕೊಳ್ಳಬೇಡಿ.

ಎಷ್ಟು ಹುಡುಕಿದರೂ ಕಾರಣ ಸಿಗದ ರೋಗಿಗಳು ಬಹಳ, ಹಲವು ವರದಿಗಳಲ್ಲಿ ಅರ್ಧದ ಹತ್ತಿರ. "ಕಾರಣ ತಿಳಿದಿಲ್ಲ" ಎಂದು ವೈದ್ಯರು ಹೇಳಿದರೆ ಅದು ಅವರ ಅಸಡ್ಡೆ ಅಂದುಕೊಳ್ಳಬೇಕಿಲ್ಲ, ಹುಡುಕಿದ ಮೇಲೆ ಹೇಳಿದ್ದರೆ. ಹುಡುಕದೆ ಹೇಳಿದ್ದರೆ ಮಾತ್ರ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಹಂತ 4: ವೈದ್ಯರ ಬಳಿ ಹೋಗಿ, ಪರೀಕ್ಷೆಗಳ ಅರ್ಥ ತಿಳಿದುಕೊಳ್ಳಿ

ಮೊದಲು ಸಾಮಾನ್ಯ ವೈದ್ಯರ ಬಳಿ ಹೋದರೂ ಸರಿ, ಚರ್ಮರೋಗ ತಜ್ಞರ ಬಳಿಯಾದರೂ ಸರಿ. ನೋಟ್‌ಬುಕ್ ಮತ್ತು ಫೋಟೋ ಮರೆಯಬೇಡಿ. ಅನುಭವ ಇರುವವರು ನೋಡಿ, ಮುಟ್ಟಿಯೇ ಗುರುತಿಸುತ್ತಾರೆ. ಪರೀಕ್ಷೆಗಳನ್ನು ಬರೆದುಕೊಡುವುದು ಹೆಚ್ಚಾಗಿ ಕಾರಣ ಹುಡುಕಲು.

ರಕ್ತಕಣಗಳ ಎಣಿಕೆಯ ಜೊತೆಗೆ ಇಎಸ್‌ಆರ್ ಮತ್ತು ಸಿಆರ್‌ಪಿ ಮಾಡಿಸುತ್ತಾರೆ. ಇವೆರಡೂ ದೇಹದಲ್ಲಿ ಎಲ್ಲೋ ಉರಿಯೂತ ಇದೆ ಅನ್ನುತ್ತವೆ, ಎಲ್ಲಿ ಮತ್ತು ಏಕೆ ಅನ್ನುವುದಿಲ್ಲ. ಈ ಕಾಯಿಲೆಯಲ್ಲಿ ಇಎಸ್‌ಆರ್ ಬಹಳ ಏರುವುದು ಸಾಮಾನ್ಯ. ಆ ಸಂಖ್ಯೆಯೊಂದನ್ನೇ ನೋಡಿ ಗಾಬರಿಯಾಗಬೇಡಿ.

ಗಂಟಲಿನ ಸ್ವಾಬ್ ಮತ್ತು ಎಎಸ್‌ಒ ಪರೀಕ್ಷೆ ಸ್ಟ್ರೆಪ್ಟೊಕಾಕಸ್‌ಗಾಗಿ. ಎಎಸ್‌ಒ ಅಂದರೆ ಆ ಬ್ಯಾಕ್ಟೀರಿಯಾದ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯಗಳ ಅಳತೆ. ಒಂದೇ ಸಲ ಮಾಡಿಸಿದರೆ ಹಳೆಯ ಸೋಂಕೋ ಹೊಸದೋ ತಿಳಿಯದೆ ಹೋಗಬಹುದು. ಅದಕ್ಕೇ ಎರಡು ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ, ಏರಿದೆಯೇ ಎಂದು ನೋಡುತ್ತಾರೆ. "ಅದೇ ಪರೀಕ್ಷೆ ಮತ್ತೆ ಯಾಕೆ?" ಎಂಬ ಪ್ರಶ್ನೆಗೆ ಉತ್ತರ ಇದು.

ಎದೆಯ ಎಕ್ಸ್‌ರೇಯನ್ನು ಕೆಮ್ಮಿಲ್ಲ ಎಂದು ಬೇಡ ಅನ್ನಬೇಡಿ. ಕ್ಷಯ, ಸಾರ್ಕಾಯ್ಡೋಸಿಸ್ ಎರಡರ ಸುಳಿವೂ ಅದರಲ್ಲಿ ಸಿಗಬಹುದು. ಕ್ಷಯದ ಸೋಂಕು ತಿಳಿಯಲು ಮುಂಗೈಗೆ ಚುಚ್ಚುವ ಮಾಂಟೂ ಪರೀಕ್ಷೆ ಇದೆ. 48ರಿಂದ 72 ಗಂಟೆಯೊಳಗೆ ಹೋಗಿ ಅಳತೆ ಮಾಡಿಸಲೇಬೇಕು, ತಡವಾದರೆ ಆ ಪರೀಕ್ಷೆ ವ್ಯರ್ಥ. ಅದು ಪಾಸಿಟಿವ್ ಬಂದರೆ ಕ್ಷಯದ ರೋಗಾಣುವನ್ನು ದೇಹ ಎಂದೋ ಎದುರಿಸಿದೆ ಎಂದರ್ಥ, ಈಗ ಕ್ಷಯ ಇದೆ ಎಂದೇ ಅಲ್ಲ. ಬಿಸಿಜಿ ಲಸಿಕೆ ಹಾಕಿಸಿಕೊಂಡವರಲ್ಲೂ ಪಾಸಿಟಿವ್ ಬರಬಹುದು.

ಬಯಾಪ್ಸಿ, ಅಂದರೆ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಎಲ್ಲರಿಗೂ ಬೇಕಿಲ್ಲ. ಗಂಟು ವಿಚಿತ್ರ ಜಾಗದಲ್ಲಿದ್ದರೆ, ಹುಣ್ಣಾದರೆ, ಎರಡು ತಿಂಗಳಾದರೂ ಹೋಗದಿದ್ದರೆ ಬೇಕಾಗುತ್ತದೆ. ಮಾಡುವುದಾದರೆ ಆಳವಾಗಿ, ಕೊಬ್ಬಿನ ಪದರ ಸೇರುವಂತೆ ತೆಗೆಯಬೇಕು. ಮೇಲ್ಮೈಯ ಚೂರಿನಲ್ಲಿ ಏನೂ ಸಿಗುವುದಿಲ್ಲ. "ಕೊಬ್ಬಿನ ಪದರ ಬರುವಷ್ಟು ಆಳಕ್ಕೆ ತೆಗೆಯುತ್ತೀರಾ, ಡಾಕ್ಟ್ರೇ?" ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹಂತ 5: ನೋವು ಇಳಿಸಿಕೊಳ್ಳಿ

ಪರೀಕ್ಷೆ ನಡೆಯುತ್ತಿರುವಾಗಲೇ ಇದನ್ನು ಶುರು ಮಾಡಬಹುದು.

ಕಾಲಿಗೆ ವಿಶ್ರಾಂತಿ ಕೊಡಿ. ಮಲಗಿದಾಗ ಕಾಲು ಎದೆಯ ಮಟ್ಟಕ್ಕಿಂತ ಮೇಲಿರಬೇಕು. ಒಂದು ದಿಂಬು ಸಾಲದು, ಎರಡು ಬೇಕಾಗುತ್ತದೆ. ದಿಂಬನ್ನು ಹಿಮ್ಮಡಿಯ ಕೆಳಗೆ ಮಾತ್ರ ಇಡದೆ ಮೀನಖಂಡದ ಉದ್ದಕ್ಕೂ ಇಡಿ, ಇಲ್ಲದಿದ್ದರೆ ಮೊಣಕಾಲು ಹಿಂದಕ್ಕೆ ಬಾಗಿ ಬೇರೆ ನೋವು ಶುರುವಾಗುತ್ತದೆ. ಹೆಚ್ಚು ಹೊತ್ತು ನಿಲ್ಲುವುದು, ಕಾಲು ಇಳಿಬಿಟ್ಟು ಕೂರುವುದು ಎರಡೂ ಊತ ಹೆಚ್ಚಿಸುತ್ತವೆ. ಹಾಗೆಂದು ಪೂರ್ತಿ ಹಾಸಿಗೆ ಹಿಡಿಯಬೇಕಿಲ್ಲ. ಮನೆಯೊಳಗೆ ನಿಧಾನವಾಗಿ ಓಡಾಡಿ.

ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಡಿ. ಮಂಜುಗಡ್ಡೆಯನ್ನು ನೇರವಾಗಿ ಇಡಬೇಡಿ. ಬಿಸಿ ಶಾಖ ಕೊಡಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಊತ ಇಳಿಸಲು ಬಿಗಿಯಾದ ಕಾಲುಚೀಲ ಅಥವಾ ಎಲಾಸ್ಟಿಕ್ ಬ್ಯಾಂಡೇಜ್ ಒಳ್ಳೆಯದೇ, ಆದರೆ ಕಾಲಿನ ರಕ್ತಸಂಚಾರ ಸರಿಯಿಲ್ಲದವರು, ಬಹುಕಾಲದ ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಹಾಕಿಕೊಳ್ಳಬೇಕು. ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಕೂಡಲೇ ಬಿಚ್ಚಿ.

ನೋವಿನ ಮಾತ್ರೆಗಳಲ್ಲಿ ಐಬುಪ್ರೊಫೇನ್, ನ್ಯಾಪ್ರೊಕ್ಸೆನ್‌ನಂಥ ಉರಿಯೂತ ಇಳಿಸುವವು ಹೆಚ್ಚು ಕೆಲಸ ಮಾಡುತ್ತವೆ. ಆದರೆ ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಇವು ಅಪಾಯ ತರಬಹುದು. ಕರುಳಿನ ಉರಿಯೂತ ಇರುವವರಲ್ಲಿ ಆ ಕಾಯಿಲೆಯನ್ನೇ ಕೆರಳಿಸಬಹುದು. ಹಂತ 3ರಲ್ಲಿ ಹೊಟ್ಟೆಯ ಸಾಲಿನಲ್ಲಿ ನೀವೇನಾದರೂ ಬರೆದಿದ್ದರೆ ಈ ಮಾತ್ರೆ ನುಂಗುವ ಮುಂಚೆ ವೈದ್ಯರಿಗೆ ತಿಳಿಸಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬೇಡಿ.

ಗಂಟನ್ನು ಸೂಜಿಯಿಂದ ಚುಚ್ಚುವುದು, ಹಿಂಡುವುದು, ಕೊಯ್ಯಿಸುವುದು ಬೇಡವೇ ಬೇಡ. ಹೊರಬರಲು ಒಳಗೆ ಕೀವಿಲ್ಲ. ಚುಚ್ಚಿದ ಗಾಯದಿಂದ ಇಲ್ಲದ ಸೋಂಕು ಒಳಹೋಗುತ್ತದೆ, ಗುರುತೇ ಉಳಿಯದೆ ವಾಸಿಯಾಗಬೇಕಿದ್ದ ಜಾಗದಲ್ಲಿ ಕಲೆ ಉಳಿಯುತ್ತದೆ. ಮೇಲೆ ಹಚ್ಚುವ ಮುಲಾಮುಗಳಿಂದಲೂ ಹೆಚ್ಚು ನಿರೀಕ್ಷೆ ಬೇಡ, ತೊಂದರೆ ಅವು ಇಳಿಯುವುದಕ್ಕಿಂತ ಆಳದಲ್ಲಿದೆ.

ಹಂತ 6: ಸ್ಟೀರಾಯ್ಡ್ ವಿಷಯದಲ್ಲಿ ಅವಸರ ಬೇಡ

ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಗಂಟು ಬೇಗ ಕರಗುತ್ತದೆ, ನೋವು ಮಾಯವಾಗುತ್ತದೆ. ಅಪಾಯ ಇರುವುದೂ ಅಲ್ಲೇ. ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಒಳಗೆ ಕ್ಷಯವೋ ಬೇರೆ ಸೋಂಕೋ ಇದ್ದರೆ ಅದು ಸದ್ದಿಲ್ಲದೆ ಹರಡಲು ದಾರಿಯಾಗುತ್ತದೆ. ಸುಳಿವು ಕೊಡುತ್ತಿದ್ದ ಗಂಟು ಮಾತ್ರ ಮರೆಯಾಗಿರುತ್ತದೆ. ಹಾಗಾಗಿ ಸೋಂಕು ಮತ್ತು ಇತರ ಗಂಭೀರ ಕಾರಣಗಳಿಲ್ಲ ಎಂದು ಖಚಿತವಾದ ಮೇಲಷ್ಟೇ, ವೈದ್ಯರು ಹೇಳಿದ ಪ್ರಮಾಣ ಮತ್ತು ಅವಧಿಗೆ ಇದನ್ನು ತೆಗೆದುಕೊಳ್ಳಬೇಕು. ಯಾರಿಗೋ ಗುಣವಾಯಿತೆಂದು ಅವರ ಚೀಟಿ ತೋರಿಸಿ ಕೊಂಡು ನುಂಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ವಾರಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಹಂತಹಂತವಾಗಿ ಇಳಿಸಬೇಕು.

ಹೋಗದೆ ಕಾಡುವ ಗಂಟುಗಳಿಗೆ ಪೊಟ್ಯಾಸಿಯಮ್ ಅಯೊಡೈಡ್, ಕಾಲ್ಚಿಸಿನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಮುಂತಾದವನ್ನು ತಜ್ಞರು ಕೊಡುವುದುಂಟು. ಪೊಟ್ಯಾಸಿಯಮ್ ಅಯೊಡೈಡ್ ಥೈರಾಯ್ಡ್ ಮೇಲೆ ಪರಿಣಾಮ ಬೀರುತ್ತದೆ, ಗರ್ಭಿಣಿಯರಿಗೆ ಸಲ್ಲದು. ಆಂಟಿಬಯಾಟಿಕ್ ಬೇಕಾಗುವುದು ಬ್ಯಾಕ್ಟೀರಿಯಾ ಸೋಂಕು ಕಂಡುಬಂದರೆ ಮಾತ್ರ. ಕ್ಷಯ ಎಂದು ತಿಳಿದರೆ ಅದರ ಪೂರ್ತಿ ಕೋರ್ಸ್ ಮುಗಿಸಬೇಕು. ಗಂಟು ಇಳಿಯಿತೆಂದು ನಡುವೆ ಬಿಡುವಂತಿಲ್ಲ.

ಹಂತ 7: ವಾರಗಳನ್ನು ಎಣಿಸಿ

ಒಂದೊಂದು ಗಂಟು ಇಳಿಯಲು ಸುಮಾರು ಎರಡು ವಾರ ಹಿಡಿಯುತ್ತದೆ. ಆದರೆ ಹಳೆಯದು ಮಾಸುವಾಗ ಪಕ್ಕದಲ್ಲಿ ಹೊಸದು ಎದ್ದಿರುತ್ತದೆ. ಚಿಕಿತ್ಸೆ ಫಲಿಸುತ್ತಿಲ್ಲ ಎಂದು ಜನ ವೈದ್ಯರನ್ನು ಬದಲಿಸುವುದು ಈ ಹೊತ್ತಿನಲ್ಲೇ. ಹೊಸ ಗಂಟುಗಳು ಮೂರರಿಂದ ಆರು ವಾರದವರೆಗೆ ಅಲೆಅಲೆಯಾಗಿ ಬರಬಹುದು, ಒಟ್ಟು ಆರರಿಂದ ಎಂಟು ವಾರ ಹಿಡಿಯುವುದು ಸಹಜ. ಸುಸ್ತು ಮತ್ತು ಕೀಲುನೋವು ಗಂಟುಗಳು ಹೋದ ಮೇಲೂ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಅಷ್ಟಾದರೂ ಕೀಲು ಸಾಮಾನ್ಯವಾಗಿ ಸವೆಯುವುದಿಲ್ಲ, ಸೊಟ್ಟಗಾಗುವುದಿಲ್ಲ.

ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಗಂಟಿದ್ದ ಜಾಗ ಕಂದಾಗಿ ಉಳಿದು, ಆ ಬಣ್ಣ ಹೋಗಲು ತಿಂಗಳುಗಳೇ ಬೇಕಾಗಬಹುದು. ಮುಟ್ಟಿದರೆ ನೋವಿಲ್ಲ, ಗಟ್ಟಿಯಿಲ್ಲ, ಬಿಸಿಯಿಲ್ಲ ಎಂದಾದರೆ ಕಾಯಿಲೆ ಮುಗಿದಿದೆ, ಉಳಿದಿರುವುದು ಬಣ್ಣ ಮಾತ್ರ. ಅದನ್ನು ತೆಗೆಯಲೆಂದು ತಿಕ್ಕುವುದು, ಬಿಳುಪು ಮಾಡುವ ಕ್ರೀಮ್ ಹಚ್ಚುವುದು ಬೇಡ.

ನೋಟ್‌ಬುಕ್‌ನಲ್ಲಿ ವಾರಕ್ಕೊಂದು ಸಾಲು ಸಾಕು: ಹೊಸ ಗಂಟು ಎಷ್ಟು, ನೋವು ಹತ್ತರಲ್ಲಿ ಎಷ್ಟು, ಜ್ವರ ಇತ್ತೇ, ತೂಕ ಎಷ್ಟು. ಎಂಟು ವಾರ ದಾಟಿದರೂ ಹೊಸವು ಏಳುತ್ತಲೇ ಇದ್ದರೆ, ತೂಕ ಇಳಿಯುತ್ತಿದ್ದರೆ, ಜ್ವರ ಬಿಡದಿದ್ದರೆ, ಕಣ್ಣು ಕೆಂಪಾಗಿ ಬೆಳಕು ನೋಡಲಾಗದಿದ್ದರೆ ಮತ್ತೆ ವೈದ್ಯರ ಬಳಿ ಹೋಗಿ. ಕಣ್ಣಿನ ವಿಷಯವಾದರೆ ಅದೇ ದಿನ ಹೋಗಿ.

ಕೆಲವರಿಗೆ ಇದು ಮರುಕಳಿಸುತ್ತದೆ, ಕಾರಣ ಸಿಗದವರಲ್ಲಿ ಇದು ಹೆಚ್ಚು. ಆಗ ಮೊದಲ ಸಲದ ನೋಟ್‌ಬುಕ್ ಹೊರತೆಗೆಯಿರಿ. ಆ ಸಲವೂ ಈ ಸಲವೂ ಗಂಟು ಏಳುವ ಮುಂಚಿನ ವಾರಗಳಲ್ಲಿ ಎರಡೂ ಕಡೆ ಇರುವುದು ಏನಾದರೂ ಇದೆಯೇ, ಅದೇ ಗಂಟಲು ನೋವು, ಅದೇ ಮಾತ್ರೆ, ಅದೇ ಭೇದಿ, ಎಂದು ಸಾಲಿಗೆ ಸಾಲು ಹೋಲಿಸಿ. ಸಿಕ್ಕಿದ್ದಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಆ ಪುಟವನ್ನೇ ತೆರೆದು ವೈದ್ಯರ ಮೇಜಿನ ಮೇಲಿಡಿ.